ಎತ್ತಿನಗಾಡಿ ಏರಿದ ‘ಆ್ಯಪಲ್’

ಸಮಭಾಜಕ ವೃತ್ತದ ನೆತ್ತಿಯ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ ಬೇಕು. ಭೂಮಿ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ. ಹೀಗಾಗಿ ನೆಲದಿಂದ ನೋಡುವವರಿಗೆ ಆ ಉಪಗ್ರಹ ಆಕಾಶದಲ್ಲಿ ಕದಲದೆ ನಿಂತಂತೆಯೇ. ತಾರಸಿಯ ಮೇಲಿನ ಡಿಶ್ಶನ್ನು ಒಮ್ಮೆ ದಿಕ್ಕು ನೋಡಿ ಬಿಗಿದರೆ ಮತ್ತೆ ತಿರುಗಿಸಬೇಕಾಗಿಲ್ಲದಿರುವುದು ಇದರಿಂದಲೇ. ಇಂಥ ಮೂರು ಉಪಗ್ರಹಗಳಿದ್ದರೆ ಹೆಚ್ಚುಕಡಿಮೆ ಇಡೀ ಜಗತ್ತಿಗೆ ಸಂಪರ್ಕ ಕೊಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು.

ಈ ಭೂಸ್ಥಿರ ಕಕ್ಷೆಯಲ್ಲಿ ಭಾರತ ನಿಲ್ಲಿಸಿದ ಮೊದಲ ಸಂಪರ್ಕ ಉಪಗ್ರಹ ‘ಆ್ಯಪಲ್’. ಏರಿಯಾನ್ ಪ್ಯಾಸೆಂಜರ್ ಪೇಲೋಡ್ ಎಕ್ಸ್‌ಪೆರಿಮೆಂಟ್ ಎಂಬುದರ ಚಿಕ್ಕ ರೂಪವಿದು. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ತನ್ನ ಹೊಸ ರಾಕೆಟ್ ಏರಿಯಾನ್‌ನ ಪರೀಕ್ಷಾ ಹಾರಾಟವೊಂದರಲ್ಲಿ ಉಚಿತವಾಗಿ ಜಾಗ ಕೊಟ್ಟಿತ್ತು. ಆದರೆ ಆ ರಾಕೆಟ್ಟಿನ ಎರಡನೆಯ ಹಾರಾಟವೇ 1980ರ ಮೇ ತಿಂಗಳಲ್ಲಿ ವಿಫಲವಾಗಿತ್ತು. ಆ್ಯಪಲ್ ಏರಬೇಕಿದ್ದದ್ದು ಮೂರನೆಯದನ್ನು.

ಯು.ಆರ್. ರಾವ್ ಅವರು ಇಸ್ರೋ ಉಪಗ್ರಹ ಕೇಂದ್ರದ ಮುಖ್ಯಸ್ಥರಾಗಿದ್ದ ಕಾಲ ಅದು. ಆರ್.ಎಂ. ವಾಸಗಮ್ ನೇತೃತ್ವದ ತಂಡ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸುಮಾರು ಎರಡೇ ವರ್ಷದಲ್ಲಿ 670 ಕಿಲೋ ತೂಕದ ಉಪಗ್ರಹ ಕಟ್ಟಿತು. ಅದರ ಆಂಟೆನಾ ಪರೀಕ್ಷೆಗೆ ಬಯಲು ಬೇಕಿತ್ತು. ಲೋಹದ ಲಾರಿಯ ಮೇಲಿಟ್ಟರೆ ರೇಡಿಯೊ ಅಲೆಗಳು ಅದಕ್ಕೆ ಬಡಿದು ಹಿಂದಿರುಗಿ ಅಳತೆ ಕೆಡುತ್ತದೆ. ಮರದ ಎತ್ತಿನಗಾಡಿಗೆ ಆ ತೊಂದರೆಯಿಲ್ಲ. ಎರಡು ಎತ್ತು, ಮೂಕಿ, ಮೇಲೆ ಮಿರುಗುವ ಉಪಗ್ರಹ: ಈ ಚಿತ್ರವನ್ನು ಬಡತನದ ಗುರುತೆಂದು ತೋರಿಸುವವರು ಇಂದಿಗೂ ಇದ್ದಾರೆ. ಆದರೆ ಆ ಗಾಡಿ ಭೌತಶಾಸ್ತ್ರ ಬಲ್ಲವರು ಆರಿಸಿಕೊಂಡ ಸರಿಯಾದ ವಾಹನ.

1981ರ ಜೂನ್ 19ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ರಾಕೆಟ್ ಮೇಲೇರಿತು. ಕೌರು ಸಮಭಾಜಕದಿಂದ ಸುಮಾರು 5 ಡಿಗ್ರಿಯಷ್ಟೇ ಉತ್ತರಕ್ಕಿದೆ. ಭೂಮಿಯ ತಿರುಗುವಿಕೆಯ ವೇಗ ಅಲ್ಲಿ ಸೆಕೆಂಡಿಗೆ 460 ಮೀಟರಿಗೂ ಹೆಚ್ಚು. ಪೂರ್ವಕ್ಕೆ ಹಾರುವ ರಾಕೆಟ್ಟಿಗೆ ಅದು ಪುಕ್ಕಟೆಯಾಗಿ ಸಿಗುವ ವೇಗ. ಐರೋಪ್ಯ ಹವಾಮಾನ ಉಪಗ್ರಹ ಮೀಟಿಯೊಸ್ಯಾಟ್-2 ಆ್ಯಪಲ್‌ನ ಮೇಲೆಯೇ ಕೂತಿತ್ತು. ಅದರ ಭಾರವನ್ನೂ ಹೊರುವಂತೆ ಆ್ಯಪಲ್‌ನ ಮೈಕಟ್ಟನ್ನು ರೂಪಿಸಬೇಕಾಯಿತು.

ರಾಕೆಟ್ ಸಾಮಾನ್ಯವಾಗಿ ಉಪಗ್ರಹವನ್ನು ನೇರವಾಗಿ ಅದರ ಜಾಗಕ್ಕೆ ಒಯ್ಯುವುದಿಲ್ಲ. ಒಂದು ತುದಿ ಭೂಮಿಗೆ ಹತ್ತಿರ, ಇನ್ನೊಂದು ತುದಿ ಸುಮಾರು 36 ಸಾವಿರ ಕಿಲೋಮೀಟರ್ ದೂರ ಇರುವ ಉದ್ದನೆಯ ಮೊಟ್ಟೆಯಾಕಾರದ ವರ್ಗಾವಣೆ ಕಕ್ಷೆಯಲ್ಲಿ ಬಿಡುತ್ತದೆ. ದೂರದ ತುದಿ ತಲುಪಿದಾಗ ಉಪಗ್ರಹದ ವೇಗ ಸೆಕೆಂಡಿಗೆ 1.6 ಕಿಲೋಮೀಟರಿಗೆ ಇಳಿದಿರುತ್ತದೆ. ಭೂಸ್ಥಿರ ಕಕ್ಷೆಯಲ್ಲಿ ಉಳಿಯಲು 3 ಕಿಲೋಮೀಟರಿಗಿಂತ ತುಸು ಹೆಚ್ಚು ಬೇಕು. ಆ ವ್ಯತ್ಯಾಸವನ್ನು ತುಂಬಿದ್ದು ಭಾರತದ್ದೇ ಮೋಟಾರು, ಎಸ್‌ಎಲ್‌ವಿ-3 ರಾಕೆಟ್ಟಿನ ನಾಲ್ಕನೆಯ ಹಂತದಿಂದ ರೂಪಿಸಿದ್ದು. ಉಪಗ್ರಹ 102 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನೆಲೆ ನಿಂತಿತು.

ತೊಂದರೆ ಎದುರಾದದ್ದು ಮೇಲೆ ಹೋದ ನಂತರ. ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ವಿದ್ಯುತ್ತಿಗೆ ಕೊರತೆಯಾಯಿತು, ಶಾಖವನ್ನು ಹಿಡಿತದಲ್ಲಿಡುವುದೂ ಕಷ್ಟವಾಯಿತು. ಅಷ್ಟು ದೂರಕ್ಕೆ ಯಾರೂ ಹೋಗಿ ರಿಪೇರಿ ಮಾಡುವಂತಿಲ್ಲ. ಕಳಿಸಲು ಸಾಧ್ಯವಿದ್ದದ್ದು ರೇಡಿಯೊ ಆಜ್ಞೆಗಳನ್ನು ಮಾತ್ರ. ಇದ್ದ ವಿದ್ಯುತ್ತನ್ನು ಅಳೆದು ಹಂಚುತ್ತಾ ನಿಯಂತ್ರಕರು ಉಪಗ್ರಹವನ್ನು ಉಳಿಸಿಕೊಂಡರು. ಉಡಾವಣೆಗಿಂತಲೂ ದೊಡ್ಡ ಕಲಿಕೆ ಇದೇ.

ಆ್ಯಪಲ್‌ನಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳು ನೆಲದಿಂದ 6 ಗಿಗಾಹರ್ಟ್ಸ್‌ನಲ್ಲಿ ಬಂದ ಕ್ಷೀಣ ಸಂಕೇತವನ್ನು ವರ್ಧಿಸಿ 4 ಗಿಗಾಹರ್ಟ್ಸ್‌ನಲ್ಲಿ ಹಿಂದಿರುಗಿಸುತ್ತಿದ್ದವು. ಬರುವುದಕ್ಕೂ ಹೋಗುವುದಕ್ಕೂ ಒಂದೇ ಆವರ್ತನವಿದ್ದರೆ, ಹೊರಡುವ ಬಲವಾದ ಅಲೆಯಲ್ಲಿ ಬರುವ ಅಲೆ ಮುಳುಗಿಹೋಗುತ್ತದೆ. ಟಿ.ವಿ. ಕಾರ್ಯಕ್ರಮಗಳ ಮರುಪ್ರಸಾರ, ರೇಡಿಯೊ ಕೇಂದ್ರಗಳ ಜೋಡಣೆ ಮುಂತಾದ ಪ್ರಯೋಗಗಳು ಇದರ ಮೂಲಕ ನಡೆದವು.

1983ರ ಸೆಪ್ಟೆಂಬರ್ 19ರಂದು, 27 ತಿಂಗಳ ಸೇವೆಯ ಬಳಿಕ, ಆ್ಯಪಲ್ ಕೆಲಸ ನಿಲ್ಲಿಸಿತು. ಅದು ಪ್ರಯೋಗವಷ್ಟೇ ಆಗಿತ್ತು; ದೇಶದ ನಿತ್ಯಬಳಕೆಗೆಂದು ರೂಪುಗೊಂಡ ಇನ್ಸಾಟ್ ಸರಣಿಯ ಮೊದಲ ಪೀಳಿಗೆಯ ಉಪಗ್ರಹಗಳನ್ನು ಅಮೆರಿಕದಿಂದ ಕೊಳ್ಳಬೇಕಾಯಿತು. ಆದರೆ 1992ರ ಜುಲೈನಲ್ಲಿ ಕೌರುವಿನಿಂದಲೇ ಹಾರಿದ ಇನ್ಸಾಟ್-2ಎ ಇಸ್ರೋ ತಾನೇ ಕಟ್ಟಿದ್ದು.