ಗಂಗಾವತಿಯ ಗದ್ದೆ, ಪ್ಯಾರಿಸ್‌ನ ಒಪ್ಪಂದ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಗದ್ದೆಗಳಲ್ಲಿ ನಿಂತ ಕೆಲವೇ ದಿನಗಳಲ್ಲಿ ಮಣ್ಣಿನೊಳಗಿನ ಆಮ್ಲಜನಕ ತೀರಿಹೋಗುತ್ತದೆ. ಗಾಳಿಯಾಡದ ಆ ಕೆಸರಿನಲ್ಲೇ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಬೇರು, ಹುಲ್ಲು, ಗೊಬ್ಬರವನ್ನು ಒಡೆದು ಮೀಥೇನ್ ಅನಿಲ ಬಿಡುತ್ತವೆ. ಅದರ ಹೆಚ್ಚಿನ ಪಾಲು ಭತ್ತದ ಪೈರಿನ ಒಳಗಿನ ಟೊಳ್ಳುಗಳ ಮೂಲಕವೇ ಮೇಲೇರಿ ಗಾಳಿ ಸೇರುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ, ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಹೀಗಾಗಿಯೇ ಹವಾಮಾನ ಒಪ್ಪಂದದ ಜಗಳ ಗದ್ದೆಯಲ್ಲೇ ಶುರುವಾಯಿತು. 1990ರಲ್ಲಿ ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಭೂಮಿ ಬಿಸಿ ಮಾಡುವ ದೇಶಗಳ ಸಾಲಿನಲ್ಲಿ ಭಾರತವನ್ನು ಮುಂದೆ ನಿಲ್ಲಿಸಿತು. ನಮ್ಮ ಭತ್ತ ಮತ್ತು ದನಕರುಗಳ ಮೀಥೇನನ್ನೂ ಲೆಕ್ಕಕ್ಕೆ ಹಿಡಿದಿತ್ತು. ಮರುವರ್ಷ ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಇದನ್ನು ಬಲವಾಗಿ ವಿರೋಧಿಸಿದರು: ಹೊಟ್ಟೆಪಾಡಿನ ಅನಿಲವನ್ನೂ ಭೋಗದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅದೇ ವರ್ಷ ವಿಜ್ಞಾನಿ ಎ.ಪಿ. ಮಿತ್ರಾ ಅವರ ಮುಂದಾಳತ್ವದಲ್ಲಿ ದೇಶದ ಗದ್ದೆಗಳಲ್ಲಿ ನೇರವಾಗಿ ಅಳತೆ ನಡೆಯಿತು. ಈ ಗದ್ದೆಗಳ ಮೀಥೇನ್ ಬಗ್ಗೆ ಅಮೆರಿಕದ ಅಂದಾಜು ವರ್ಷಕ್ಕೆ 3.78 ಕೋಟಿ ಟನ್; ಅಳೆದಾಗ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಸಂಧಾನದಲ್ಲಿ ವಿಜ್ಞಾನ ಏನು ಮಾಡಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. 1992ರ ರಿಯೊ ಹವಾಮಾನ ಒಪ್ಪಂದದಲ್ಲಿ ಹೊಣೆ ಎಲ್ಲರದು, ಆದರೆ ಎಲ್ಲರದೂ ಸಮನಲ್ಲ ಎಂಬ ತತ್ವ ಸೇರಿತು.

2015ರ ಡಿಸೆಂಬರ್ 12, ಪ್ಯಾರಿಸ್. ಹೊಸ ಹವಾಮಾನ ಒಪ್ಪಂದದ ಅಂತಿಮ ಕರಡಿನ 4ನೇ ವಿಧಿಯಲ್ಲಿ ಶ್ರೀಮಂತ ದೇಶಗಳು ಹೊಗೆ ಇಳಿಸುವುದನ್ನು ಕಾನೂನಿನ ಕಡ್ಡಾಯವಾಗಿಸುವ ಪದವಿತ್ತು. ಅದು ಹಾಗೇ ಉಳಿದರೆ ತನ್ನ ಸೆನೆಟ್ಟಿನ ಒಪ್ಪಿಗೆ ಬೇಕಾದೀತು ಎಂದು ಅಮೆರಿಕ ಪಟ್ಟು ಹಿಡಿಯಿತು. ಕೊನೆಯ ಗಳಿಗೆಯಲ್ಲಿ ಅದನ್ನು ತಾಂತ್ರಿಕ ತಪ್ಪೆಂದು ಕರೆದು, ಆ ಜಾಗಕ್ಕೆ ಸಡಿಲವಾದ ಪದ ಹಾಕಲಾಯಿತು.

ಹಾಗಾದರೆ ಕಡ್ಡಾಯವಾಗಿ ಉಳಿದದ್ದೇನು? ಪ್ರತಿ ಐದು ವರ್ಷಕ್ಕೊಮ್ಮೆ ಗುರಿಪಟ್ಟಿ ಸಲ್ಲಿಸಬೇಕು, ಅದಕ್ಕಾಗಿ ದೇಶದೊಳಗೆ ಕ್ರಮ ಕೈಗೊಳ್ಳಬೇಕು, ಲೆಕ್ಕ ಒಪ್ಪಿಸಬೇಕು. ಗುರಿ ಮುಟ್ಟಲೇಬೇಕೆಂಬ ಕಟ್ಟು ಇಲ್ಲ. ಪಾಲನೆಯನ್ನು ನೋಡಿಕೊಳ್ಳುವ ಸಮಿತಿಗೆ ದಂಡ ಹಾಕುವ ಅಧಿಕಾರವೂ ಇಲ್ಲ. ಇದನ್ನು ನೋಡಿ ಒಪ್ಪಂದ ಬರೀ ಕಾಗದ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ನೀಡಿದ ಸಲಹಾ ಅಭಿಪ್ರಾಯದ ಪ್ರಕಾರ, ದೇಶಗಳು ಗುರಿಗಾಗಿ ಪ್ರಾಮಾಣಿಕವಾಗಿ ಶ್ರಮಿಸಲೇಬೇಕು. ಈ ಹೊಣೆ ಮರೆತರೆ ಅದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆಯಾಗಬಲ್ಲದು.

ಭಾರತ 2016ರ ಅಕ್ಟೋಬರ್ 2ರಂದು ಪ್ಯಾರಿಸ್ ಒಪ್ಪಂದವನ್ನು ಅನುಮೋದಿಸಿತು. 2022ರಲ್ಲಿ ಪರಿಷ್ಕರಿಸಿದ ಗುರಿಯಂತೆ, 2030ರ ಹೊತ್ತಿಗೆ ದೇಶದ ಉತ್ಪನ್ನದ ಪ್ರತಿ ರೂಪಾಯಿಗೆ ಹೊಮ್ಮುವ ಅನಿಲ 2005ಕ್ಕಿಂತ ಶೇ 45ರಷ್ಟು ಇಳಿಯಬೇಕು. ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲವಲ್ಲದ ಮೂಲಗಳಿಂದ ಇರಬೇಕು. ಕುಷ್ಟಗಿ, ಯಲಬುರ್ಗಾದ ಎರೆ ಹೊಲಗಳಲ್ಲಿ ತಿರುಗುವ ಗಾಳಿ ಫ್ಯಾನುಗಳು ಈ ಲೆಕ್ಕಕ್ಕೇ ಸೇರುತ್ತವೆ. ಕೃಷಿಗೆಂದು ಪ್ರತ್ಯೇಕ ಗುರಿಯಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ಹಲವು ದೇಶಗಳು ಮೀಥೇನ್ ಪ್ರತಿಜ್ಞೆಗೆ ಸೇರಿದಾಗಲೂ, ಸಣ್ಣ ರೈತರ ಬದುಕಿನ ಪ್ರಶ್ನೆಯೆಂದು ಭಾರತ ದೂರ ಉಳಿಯಿತು. ಅದು ಸರಿಯಾದ ನಿಲುವು.

ಗದ್ದೆಗೆ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿಯಿಂದ ಮೀಥೇನ್ ಗಣನೀಯವಾಗಿ ಇಳಿಯುತ್ತದೆ. ಗಂಗಾವತಿ ಸೀಮೆಯ ರೈತ ಇದನ್ನು ಪ್ಯಾರಿಸ್‌ಗಾಗಿ ಮಾಡಬೇಕಿಲ್ಲ. ಸವಳು-ಜವಳಾಗುತ್ತಿರುವ ತನ್ನ ನೆಲಕ್ಕಾಗಿ, ಕಾಲುವೆಯ ಕೊನೆಯಂಚಿನ ರೈತನಿಗೆ ಮುಟ್ಟದ ನೀರಿಗಾಗಿ ಮಾಡಲಿ.

ಕೊಪ್ಪಳ ಬಳಿಯ ಗಿಣಿಗೇರಾ ಸುತ್ತಲಿನ ಕಬ್ಬಿಣ-ಉಕ್ಕಿನ ಕುಲುಮೆಗಳ ಮಾತು ಬೇರೆ. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆಯಡಿ ಬಂದ ಇಂಗಾಲ ವಹಿವಾಟು ಯೋಜನೆಯಲ್ಲಿ ಉಕ್ಕಿನ ವಲಯವೂ ಇದೆ. ಐರೋಪ್ಯ ಒಕ್ಕೂಟವಂತೂ 2026ರಿಂದ ಆಮದು ಉಕ್ಕಿನ ಇಂಗಾಲಕ್ಕೆ ಬೆಲೆ ಕಟ್ಟುತ್ತಿದೆ. ಭತ್ತದ ರೈತನಿಗಾಗಿ ಗಳಿಸಿದ ರಕ್ಷಣೆಯ ಮರೆಯಲ್ಲಿ ಕುಲುಮೆಗಳು ನಿಲ್ಲಬಾರದು. ಕಾರ್ಖಾನೆ ವಿಸ್ತರಣೆಗೆ ಅಹವಾಲು ಸಭೆ ಕರೆದಾಗ ಕೊಪ್ಪಳದವರು ಧೂಳಿನ ಜೊತೆಗೆ ಇದನ್ನೂ ಕೇಳಲಿ: ವರ್ಷಕ್ಕೆ ಎಷ್ಟು ಟನ್ ಇಂಗಾಲ ಬಿಡುತ್ತೀರಿ, 2030ಕ್ಕೆ ಎಷ್ಟಕ್ಕೆ ಇಳಿಸುತ್ತೀರಿ? ಉತ್ತರವನ್ನು ಬರಹದಲ್ಲೇ ಪಡೆಯಲಿ.