ಕಡಲ ಪಾಚಿ ಮತ್ತು ಮದ್ದಿನ ಗಿಡ

ಹಳ್ಳಿ ಪಟ್ಟಣವೆನ್ನದೆ ಮನೆಯಂಗಳಗಳಲ್ಲಿ ವರ್ಷವಿಡೀ ಹೂಬಿಡುವ ನಿತ್ಯಪುಷ್ಪವನ್ನು ಕಾಣದವರು ವಿರಳ. ಕಾಶಿಕಣಗಿಲೆಯೆಂದೂ ಕರೆಯಲ್ಪಡುವ ಈ ಗಿಡದ ತವರು ಮಡಗಾಸ್ಕರ್ ದ್ವೀಪ. ಇದರ ಕಹಿ ಎಲೆಗೆ ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆದರೆ 1958ರಲ್ಲಿ ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಈ ಎಲೆಯಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸಸ್ಯಕ್ಷಾರವಿರುವುದನ್ನು ತೋರಿಸಿಕೊಟ್ಟರು. ಅದು ಕ್ಯಾನ್ಸರ್ ರೋಗಕ್ಕೆ ಮದ್ದಾಯಿತು. ಇದೇ ಎಲೆಯಲ್ಲಿರುವ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಾಗುತ್ತದೆ. ಆದರೆ ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ದೊರೆಯಬೇಕಾದರೆ ಸುಮಾರು 500 ಕಿಲೋಗ್ರಾಂ ಒಣ ಎಲೆ ಬೇಕು! ಮದ್ದು ದುಬಾರಿಯಾಗುವುದಕ್ಕೆ ಇದೂ ಒಂದು ಕಾರಣ.

ಎಲೆಯಲ್ಲಿ ಮದ್ದು ಇಷ್ಟು ಕಡಿಮೆಯಿರುವುದೇಕೆ? ಗಿಡವು ಅದನ್ನು ಮನುಷ್ಯನಿಗಾಗಿ ತಯಾರಿಸುವುದಿಲ್ಲ. ಶತ್ರು ಎದುರಾದಾಗ ಪ್ರಾಣಿಯು ಓಡಬಲ್ಲದು. ಗಿಡವು ನಿಂತಲ್ಲಿಯೇ ನಿಲ್ಲಬೇಕು. ಆದುದರಿಂದ ಕೀಟ, ಬೂಷ್ಟು, ಮೇಯುವ ಪ್ರಾಣಿಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಕಹಿಯಾದ, ಘಾಟಾದ, ವಿಷಕರವಾದ ವಸ್ತುಗಳನ್ನು ನಿರ್ಮಿಸಿಕೊಳ್ಳುತ್ತದೆ. ಮನುಷ್ಯನ ಮದ್ದು ಗಿಡದ ಪಾಲಿಗೆ ಆಯುಧ. ಆಯುಧ ತಯಾರಿಕೆಗೆ ಶಕ್ತಿ ವ್ಯಯವಾಗುವುದರಿಂದ, ಅಗತ್ಯವಿದ್ದಷ್ಟನ್ನು ಮಾತ್ರ ಗಿಡವು ತಯಾರಿಸುತ್ತದೆ. ಹೇರಳವಾಗಿ ಗೊಬ್ಬರ ಹಾಕಿದರೆ ಎಲೆಗಳು ಹೆಚ್ಚಬಹುದು. ಎಲೆಯೊಳಗಿನ ಮದ್ದು ಅದೇ ಪ್ರಮಾಣದಲ್ಲಿ ಹೆಚ್ಚುವುದೆಂಬ ಭರವಸೆಯಿಲ್ಲ.

ಈ ತೊಡಕಿಗೆ ಒಂದು ಪರಿಹಾರವು ಕಡಲಿನಿಂದ ಬಂದಿದೆ. ಸ್ಕಾಟ್ಲೆಂಡ್, ಐರ್ಲೆಂಡ್ ಮೊದಲಾದ ದೇಶಗಳ ಕರಾವಳಿಯ ರೈತರು, ಅಲೆಗಳು ದಡಕ್ಕೆ ತಂದೊಗೆದ ಪಾಚಿಯನ್ನು ಶತಮಾನಗಳಿಂದ ಹೊಲಗಳಿಗೆ ಗೊಬ್ಬರವಾಗಿ ಹಾಕುತ್ತ ಬಂದವರು. ಕಂದುಬಣ್ಣದ ಕಡಲ ಪಾಚಿಗಳ ಕೋಶಭಿತ್ತಿಯಲ್ಲಿ ಆಲ್ಜಿನೇಟ್ ಎಂಬ ಲೋಳೆಯಂತಹ ವಸ್ತುವಿದೆ. ಅಲೆಗಳ ಹೊಡೆತಕ್ಕೆ ಪಾಚಿಯು ಹರಿದುಹೋಗದೆ ಬಾಗಿ ಬಳುಕುವುದು ಇದರ ಬಲದಿಂದಲೇ. ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ 1881ರಲ್ಲಿ ಇದನ್ನು ಪಾಚಿಯಿಂದ ಬೇರ್ಪಡಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಭಾರತದಲ್ಲಿ ತಮಿಳುನಾಡಿನ ಕರಾವಳಿಯಲ್ಲಿ ಬೆಳೆಯುವ ಸರ್ಗಾಸಮ್ ಎಂಬ ಪಾಚಿಯಿಂದ ಇದನ್ನು ತೆಗೆಯುತ್ತಾರೆ.

ಆಲ್ಜಿನೇಟ್ ಎಂಬುದು ಸಕ್ಕರೆಯ ಬಗೆಯ ಸಣ್ಣ ಘಟಕಗಳು ಪೋಣಿಸಿಕೊಂಡ ಉದ್ದನೆಯ ಸರಪಳಿ. ಕೋಬಾಲ್ಟ್-60ರಿಂದ ಹೊಮ್ಮುವ ಗಾಮಾ ಕಿರಣಗಳನ್ನು ಇದರ ಮೇಲೆ ಹಾಯಿಸಿದರೆ ಸರಪಳಿಯು ತುಂಡುತುಂಡಾಗುತ್ತದೆ. ಈ ತುಂಡುಗಳನ್ನು ನೀರಿನಲ್ಲಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸುವ ಪ್ರಯೋಗಗಳು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ನಡೆದವು. ನಿತ್ಯಪುಷ್ಪ, ಗಸಗಸೆ, ಪುದೀನದ ಜಾತಿಯ ಗಿಡಗಳು, ಮಲೇರಿಯಾ ಮದ್ದಿಗೆ ಆಕರವಾದ ಆರ್ಟೆಮಿಸಿಯ ಮುಂತಾದವುಗಳನ್ನು ಪರೀಕ್ಷೆಗೆ ಒಳಪಡಿಸಲಾಯಿತು. ಗಿಡಗಳು ಸೊಂಪಾಗಿ ಬೆಳೆದುದಲ್ಲದೆ, ಅವುಗಳಲ್ಲಿನ ಔಷಧಾಂಶವೂ ಹೆಚ್ಚಿತು.

ಇದರ ಮರ್ಮವೇನು? ಬೂಷ್ಟು ದಾಳಿಮಾಡಿದಾಗ ಗಿಡದ ಕೋಶಭಿತ್ತಿಯು ಒಡೆದು ಅದರ ಚೂರುಗಳು ಉದುರುತ್ತವೆ. ಆ ಚೂರುಗಳನ್ನು ಗುರುತಿಸಿ ಗಿಡವು ರಕ್ಷಣೆಗೆ ಸಜ್ಜಾಗುತ್ತದೆ. ಪಾಚಿಯ ತುಂಡುಗಳೂ ಇಂತಹುದೇ ಸೂಚನೆಯನ್ನು ನೀಡುತ್ತವೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಬೇಲಿ ಮುರಿದ ಸದ್ದಿಗೆ ಮನೆಯವರು ಎಚ್ಚತ್ತು ಕೋಲು ಹಿಡಿಯುವಂತೆ, ಕಳ್ಳನೇ ಬರದಿದ್ದರೂ ಗಿಡವು ಆಯುಧಗಳನ್ನು ಸಿದ್ಧಪಡಿಸತೊಡಗುತ್ತದೆ. ಹೀಗೆ ಆಲ್ಜಿನೇಟಿನ ತುಂಡುಗಳು ಗಿಡಕ್ಕೆ ಆಹಾರವೆನ್ನುವುದಕ್ಕಿಂತ ಸಂದೇಶವೆನ್ನುವುದು ಹೆಚ್ಚು ಸರಿ. ಆದುದರಿಂದಲೇ ಒಂದು ಲೀಟರು ನೀರಿಗೆ ಕೆಲವು ಹತ್ತು ಮಿಲಿಗ್ರಾಂನಷ್ಟು ಸಾಕಾಗುತ್ತದೆ. ಮಿತಿ ಮೀರಿದರೆ ಫಲವು ಕುಗ್ಗುತ್ತದೆ.

ಈ ಸಂದೇಶವು ಮಣ್ಣಿನ ಸಾರಕ್ಕಾಗಲಿ ನೀರಿಗಾಗಲಿ ಬದಲಿಯಲ್ಲ. ಬಡವಾದ ನೆಲದಲ್ಲಿ ಸೊರಗಿದ ಗಿಡಕ್ಕೆ ಎಷ್ಟು ಎಚ್ಚರಿಕೆ ನೀಡಿದರೂ ಆಯುಧ ತಯಾರಿಸಲು ಅದರಲ್ಲಿ ತ್ರಾಣವಿರುವುದಿಲ್ಲ. ಅಲ್ಲದೆ ಕಡಲ ಪಾಚಿಯ ಪೊದೆಗಳು ಮೀನುಮರಿಗಳಿಗೆ ಆಸರೆ. ಕಾಡಿನ ಮದ್ದಿನ ಗಿಡಗಳನ್ನು ಬೇರುಸಹಿತ ಕಿತ್ತು ಬರಿದುಮಾಡಿದ ತಪ್ಪು ಕಡಲಿನಲ್ಲಿಯೂ ನಡೆಯಬಾರದು. ಹದವರಿತು ಕೊಯ್ದ ಪಾಚಿಯಿಂದ ಹೊಲದ ಒಂದೊಂದು ಎಲೆಯಲ್ಲಿಯೂ ತುಸು ಹೆಚ್ಚು ಮದ್ದು ತುಂಬಿದರೆ, ರೈತನಿಗೆ ಲಾಭ, ಕಾಡಿಗೆ ನೆಮ್ಮದಿ, ಆಸ್ಪತ್ರೆಯಲ್ಲಿ ಮಲಗಿರುವ ಮಗುವಿಗೆ ಆಯುಷ್ಯ.