‘ಸವಾರ’ ಪದದೊಳಗಿನ ಕುದುರೆ

ದೇವಬಾಗದಲ್ಲಿ ನಮ್ಮ ಮನೆಮಾತು ಉರ್ದು, ನೆರೆಮನೆಯವರದು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಮಾತನಾಡುವಾಗ ಮೂರೂ ಬೆರೆತುಬಿಡುತ್ತವೆ. ಹೈಸ್ಕೂಲಿನಲ್ಲಿದ್ದಾಗ ರಸ್ತೆ ಸುರಕ್ಷತೆಯ ಪ್ರಬಂಧದಲ್ಲಿ ‘ಬೈಕ್ ಸವಾರ’ ಎಂದು ಬರೆದಿದ್ದೆ. ತಿದ್ದಿದವರು ‘ಸವಾರ’ದ ಕೆಳಗೆ ಕೆಂಪು ಗೆರೆ ಎಳೆದು, ಇದು ಕನ್ನಡವಲ್ಲ, ಮನೆಮಾತು ಎಂದರು. ಎಲ್ಲರೂ ನಕ್ಕರು. ಆಮೇಲೆ ಬಹಳ ದಿನ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಈ ವರ್ಷ ಆ ಪದದ ಮೂಲ ಹುಡುಕಿದೆ. ಒಳಗೊಂದು ಕುದುರೆ ಸಿಕ್ಕಿತು!

‘ಸವಾರ’ ನಮಗೆ ಬಂದದ್ದು ಪಾರಸಿಯಿಂದ. ಪ್ರಾಚೀನ ಪಾರಸಿಯಲ್ಲಿ ಅದರ ರೂಪ ‘ಅಸಬಾರ’. ‘ಅಸ’ ಎಂದರೆ ಕುದುರೆ. ‘ಬಾರ’ ಎಂಬುದು ಹೊರುವ ಅರ್ಥದ ಧಾತುವಿನಿಂದ ಬಂದದ್ದು. ಇವು ಸಂಸ್ಕೃತದ ‘ಅಶ್ವ’, ‘ಭಾರ’ ಪದಗಳ ಬಂಧುಗಳು. ಕುದುರೆ ಹೊತ್ತವನೇ ಸವಾರ. ‘ಅಸಬಾರ’ ಸವೆದು ‘ಅಸ್ವಾರ್’ ಆಗಿ, ಕೊನೆಗೆ ‘ಸವಾರ್’ ಆಯಿತು.

ಈ ‘ಅಶ್ವ’ದ ಬಳಗ ಬಹಳ ದೊಡ್ಡದು. ಲ್ಯಾಟಿನ್ನಿನಲ್ಲಿ ‘ಎಕ್ವುಸ್’, ಹಳೆಯ ಇಂಗ್ಲಿಷಿನಲ್ಲಿ ‘ಎಓಹ್’. ಇಂಗ್ಲಿಷಿನವರು ಆ ಪದವನ್ನು ಕಳೆದುಕೊಂಡು ‘ಹಾರ್ಸ್’ ಉಳಿಸಿಕೊಂಡರು. ನಾವು ಮಾತ್ರ ಅದರ ಬಂಧುವನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದೇವೆ.

ಪ್ರಾಚೀನ ಜರ್ಮಾನಿಕ್ ಜನರಲ್ಲಿ ಕುದುರೆಗೆ ‘ಮರ್ಹ’ ಎಂಬ ಇನ್ನೊಂದು ಪದವಿತ್ತು. ಅದು ಸೆಲ್ಟಿಕ್ ಭಾಷೆಗಳಲ್ಲೂ ಇದೆ. ವೇಲ್ಸ್‌ನವರು ‘ಮಾರ್ಖ್’ ಎನ್ನುತ್ತಾರೆ. ಮಂಗೋಲಿಯನ್ನರ ‘ಮೋರಿ’ಯನ್ನು ಹೋಲುವುದರಿಂದ ಪೂರ್ವದಿಂದ ಬಂದಿರಬಹುದೇ ಎಂಬ ಚರ್ಚೆಯೂ ನಡೆದಿದೆ. ‘ಮರ್ಹ’ಕ್ಕೆ ಸೇವಕ ಎಂಬ ಅರ್ಥದ ‘ಸ್ಕಾಲ್ಕ್’ ಸೇರಿ, ಫ್ರೆಂಚ್ ಮೂಲಕ ‘ಮಾರ್ಷಲ್’ ಆಯಿತು. ಕುದುರೆ ನೋಡಿಕೊಳ್ಳುವವನ ಹೆಸರು ಬೆಳೆದು ಸೇನೆಯ ಅತ್ಯುನ್ನತ ಪದವಿಯಾಯಿತು. 1986ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರಿಗೆ ಸಿಕ್ಕ ‘ಫೀಲ್ಡ್ ಮಾರ್ಷಲ್’ ಗೌರವದಲ್ಲೂ ಆ ಕುದುರೆಯಿದೆ.

ಹಾಗಾದರೆ ‘ಕುದುರೆ’? ಅದು ದ್ರಾವಿಡ ಪದ. ತುಳುವಿನಲ್ಲೂ ಕುದುರೆ, ತಮಿಳಿನಲ್ಲಿ ಕುದಿರೈ, ಮಲಯಾಳದಲ್ಲಿ ಕುದಿರ. ನೆರೆಮನೆಯ ‘ಘೋಡೋ’, ನಮ್ಮ ಮನೆಯ ‘ಘೋಡಾ’ ಎರಡೂ ‘ಘೋಟಕ’ದ ಮಕ್ಕಳು. ಆ ‘ಘೋಟಕ’ವೂ ಋಗ್ವೇದದಲ್ಲಿಲ್ಲ, ಸಂಸ್ಕೃತಕ್ಕೆ ಬೇರೆ ಭಾಷೆಯಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಪದಗಳಷ್ಟೇ ಅಲ್ಲ, ಕುದುರೆಗಳೂ ದೂರದಿಂದ ಬಂದವು. ವಿಜಯನಗರದ ಸೇನೆಗೆ ಬೇಕಾದ ಅರಬ್ ಕುದುರೆಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಜಿಲ್ಲೆಯ ಭಟ್ಕಳ, ಹೊನ್ನಾವರಗಳೂ ಇದ್ದವು. ಬಂದರಿಗೆ ಬಂದದ್ದನ್ನು ಯಾರೂ ಕೆಂಪು ಗೆರೆ ಎಳೆದು ವಾಪಸು ಕಳಿಸಲಿಲ್ಲ.

ಈಗ ನಾನು ಧೈರ್ಯವಾಗಿ ‘ಸವಾರ’ ಎಂದೇ ಬರೆಯುತ್ತೇನೆ. ಗೆಳೆಯರೇ, ನಿಮ್ಮ ಮನೆಮಾತಿನ ಒಂದು ಪದವನ್ನು ಹೀಗೆಯೇ ಹಿಂಬಾಲಿಸಿ ನೋಡಿ. ನಾಚಿಕೆಪಡುವಂಥದ್ದೇನೂ ಸಿಗುವುದಿಲ್ಲ.